ನಾಲ್ಕನೇ ಗಿಡದ ಷರಾ

"ಆರು ಚೀಲ ಹೊಲಿಸಬೇಕಿತ್ತು. ಒಂದೊಂದೂ ಆರಡಿ ಎತ್ತರ, ಮೂರಡಿ ಅಗಲ. ಮೇಲೆ ಪೂರ್ತಿ ಮುಚ್ಚಿರಬೇಕು. ಪಕ್ಕದಲ್ಲಿ ಒಂದೇ ಒಂದು ತೋಳು ಇರಬೇಕು."

ಅಂಗಡಿಯ ಜಗಲಿಯಲ್ಲಿ ನಿಂತು ಅವರು ಹೀಗೆ ಕೇಳಿದಾಗ ಅಪ್ಪ ಗಜಕೋಲನ್ನು ಕೆಳಗಿಟ್ಟು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ರಾಮನಾಥಪುರದಲ್ಲಿ ನಮ್ಮದು ಬಟ್ಟೆ ಅಂಗಡಿ. ಮುಂದೆ ಅಪ್ಪ ಬಟ್ಟೆ ಅಳೆಯುತ್ತಿದ್ದರು, ಒಳಕೋಣೆಯಲ್ಲಿ ನಾನು ಹೊಲಿಗೆ ಯಂತ್ರ ತುಳಿಯುತ್ತಿದ್ದೆ. ಅವ್ವ ತೀರಿಕೊಂಡಾಗ ನಾನು ಐದನೇ ಕ್ಲಾಸಿನಲ್ಲಿದ್ದೆ. ಅಲ್ಲಿಗೇ ಓದು ನಿಂತಿತು. ಅಂಗಡಿಗೂ ನನಗೂ ನಡುವೆ ಒಂದು ಬಾಗಿಲ ಪರದೆ. ಅದರ ಅಂಚಿನಿಂದ ನಾನು ಊರನ್ನೆಲ್ಲ ನೋಡುತ್ತಿದ್ದೆ. ಊರು ನನ್ನನ್ನು ನೋಡಿದ್ದು ಕಡಿಮೆ.

"ಸೊಳ್ಳೆ ಪರದೆಯ ಬಟ್ಟೆ ಆದರೆ ಒಳ್ಳೆಯದು," ಎಂದರು ಅವರು.

ನನ್ನ ಪಕ್ಕದಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ಸುಬ್ಬಮ್ಮ ಕೈ ನಿಲ್ಲಿಸಿದಳು. "ಒಂದೇ ತೋಳಿನ ಅಂಗಿ ತೊಡೋ ರಾಕ್ಷಸಿ ಯಾರಪ್ಪ ಅವ್ಳು?"

ನಾನು ನಕ್ಕುಬಿಟ್ಟೆ. ನಗು ಪರದೆ ದಾಟಿ ಹೊರಗೆ ಹೋಯಿತು. ಅವರು ತಿರುಗಿದರು. ಅಂಚಿನ ಸಂದಿಯಿಂದ ನನಗೆ ಕಂಡದ್ದು ಇಷ್ಟು: ಮೊಣಕಾಲಿಗೆ ಕೆಮ್ಮಣ್ಣು ಹತ್ತಿದ ಖಾಕಿ ಷರಾಯಿ, ಹಣೆಯ ಮೇಲೆ ಮಾಸಿದ ವಿಭೂತಿ, ವಿಭೂತಿಯ ಪಕ್ಕದಲ್ಲೇ ಒಂದು ಪೆನ್ಸಿಲ್ ಗೆರೆ. ಯೋಚನೆ ಬಂದಾಗ ಪೆನ್ಸಿಲನ್ನು ಹಣೆಗೆ ಒತ್ತಿಕೊಳ್ಳುವ ಅಭ್ಯಾಸ ಇರಬೇಕು ಅಂದುಕೊಂಡೆ. ಆಮೇಲೆ ನೋಡಿದರೆ ಅದು ನಿಜವೇ ಆಗಿತ್ತು.

"ರಾಕ್ಷಸಿಗಲ್ಲ ಅಜ್ಜಿ. ಗಂಧದ ಗಿಡಕ್ಕೆ," ಎಂದರು.

ಅವರ ಹಿಂದೆ ನಿಂತಿದ್ದ ಅರಣ್ಯ ಇಲಾಖೆಯ ಗಾರ್ಡು ಲಕ್ಕಯ್ಯ ವಿವರಿಸಿದ. "ಇವ್ರು ಷಡಕ್ಷರಿ ಅಂತ ಕಣಜ್ಜಿ, ಚನ್ರಾಯಪಟ್ಣದೋರು. ಬೆಂಗ್ಳೂರಲ್ಲಿ ದೊಡ್ಡ ಓದು ಓದ್ತಾವ್ರೆ. ಮರದ ಡಾಕ್ಟ್ರು ಅನ್ಕೋ. ಗಿಡದೊಳಕ್ಕೆ ಉಳ ಓಗ್ಬಾರ್ದು ಅಂತ ಬಟ್ಟೆ ಆಕುಸ್ತಾರಂತೆ."

"ನಮ್ಗೇ ಸೊಳ್ಳೆ ಪರ್ದೆ ಇಲ್ಲ. ಗಿಡಕ್ಕಂತೆ," ಎಂದು ಅಜ್ಜಿ ಮತ್ತೆ ಕುಟ್ಟಲು ತೊಡಗಿದಳು.

ಅದು ಬಹುಧಾನ್ಯ ಸಂವತ್ಸರದ ಜ್ಯೇಷ್ಠ. ನನಗೆ ಆಗ ಹದಿನೆಂಟು.

ನಮ್ಮ ಕಡೆ ಗಂಧದ ಮರ ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ್ದು. ಆದ್ದರಿಂದ ಜನ ಅದನ್ನು ಕಂಡರೆ ಹೆದರುತ್ತಾರೆಯೇ ಹೊರತು ಪ್ರೀತಿಸುವುದಿಲ್ಲ. ಊರಾಚೆಯ ಗುಡ್ಡದಲ್ಲಿ ಗಂಧದ ಮರಗಳು ಒಂದೊಂದಾಗಿ ಒಣಗುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಎಲೆ ಸಣ್ಣಗಾಗಿ, ಹಳದಿಯಾಗಿ, ಕೊಂಬೆಯ ಸುತ್ತ ಮುಳ್ಳಿನ ಹಾಗೆ ನಿಮಿರಿ ನಿಲ್ಲುತ್ತಿತ್ತು. ಹೂವಿಲ್ಲ, ಕಾಯಿಲ್ಲ. ಎರಡು ಮೂರು ವರ್ಷಕ್ಕೆ ಮರ ಸಾಯುತ್ತಿತ್ತು. ಊರಿನವರು ಅದಕ್ಕೆ ಗಾಳಿ ಸೋಂಕು ಅಂದರು. ಓದಿದವರಿಗೂ ಕಾರಣ ಗೊತ್ತಿರಲಿಲ್ಲ. ಎಲೆಯಿಂದ ಎಲೆಗೆ ನೆಗೆಯುವ ಒಂದು ಜಿಗಿಹುಳ ರೋಗವನ್ನು ಹೊತ್ತು ತರುತ್ತದೆ ಎಂಬುದು ಷಡಕ್ಷರಿಯವರ ಊಹೆ. ಅದಕ್ಕೇ ಹನ್ನೆರಡು ಸಣ್ಣ ಗಿಡ ಆರಿಸಿದ್ದರು. ಆರಕ್ಕೆ ಪರದೆ, ಆರು ಬಯಲಿಗೆ. ಬಯಲಿನವು ಕೆಟ್ಟು ಪರದೆಯವು ಉಳಿದರೆ ಊಹೆ ನಿಜ.

ನಾನು ಮೊದಲ ಚೀಲ ಹೊಲಿದು ಮುಗಿಸಿದಾಗ ಒಂದು ಅನುಮಾನ ಬಂತು. ಬಾಯಲ್ಲಿ ಕೇಳುವ ಧೈರ್ಯ ಎಲ್ಲಿಂದ ಬರಬೇಕು? ಒಂದು ಚೀಟಿಯಲ್ಲಿ ಬರೆದು ಗುಂಡುಸೂಜಿ ಚುಚ್ಚಿ ಕಳಿಸಿದೆ. "ತೋಳಿಗೆ ಲಾಡಿ ಬೇಡವೆ? ನೀವು ಕೈ ತೆಗೆದ ಮೇಲೆ ಹುಳ ಹೋಗುವುದಿಲ್ಲವೆ?"

ಮಾರನೆಯ ದಿನ ಅದೇ ಚೀಟಿ ವಾಪಸು ಬಂತು. ಕೆಳಗೆ ಪೆನ್ಸಿಲಿನಲ್ಲಿ ಬರೆದಿತ್ತು. "ಬೇಕು. ನನಗೆ ಹೊಳೆದೇ ಇರಲಿಲ್ಲ. ಹೊಳೆದವರ ಹೆಸರು?"

ಎರಡು ದಿನ ಉತ್ತರ ಬರೆಯಲಿಲ್ಲ. ಮೂರನೆಯ ದಿನ ಅಜ್ಜಿಯೇ ಪರದೆಯಾಚೆಗೆ ಕೂಗಿ ಹೇಳಿದಳು. "ಕಮಲಾಕ್ಷಿ ಅಂತ ಕಣ್ ಮಗ. ಬಾಯಿಲ್ಲ ಅನ್ನೋದೊಂದು ಬುಟ್ರೆ ಎಲ್ಲಾ ಅದೆ."

*

ಗಾಳಿಗೆ ಪರದೆ ಹರಿಯುತ್ತಿತ್ತು, ಮೇಕೆ ಎಳೆಯುತ್ತಿತ್ತು. ಹಾಗಾದಾಗಲೆಲ್ಲ ಸೂಜಿ ದಾರ ಹಿಡಿದು ನಾನು ಅಜ್ಜಿಯ ಜೊತೆ ಗುಡ್ಡಕ್ಕೆ ಹೋಗುತ್ತಿದ್ದೆ. ಅಜ್ಜಿ ಬೇವಿನ ಮರದ ಬುಡದಲ್ಲಿ ಕೂತು ಬಾಯಾಡಿಸುತ್ತಿದ್ದಳು. ಷಡಕ್ಷರಿಯವರು ಅರಕಲಗೂಡಿನಲ್ಲಿ ರೂಮು ಮಾಡಿಕೊಂಡಿದ್ದರು. ಪರದೆ ಹಾಕಿದ ಮೇಲೆ ಮೊದಮೊದಲು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದವರು ಆಮೇಲೆ ವಾರಕ್ಕೊಮ್ಮೆ ಬರತೊಡಗಿದರು.

"ಗಿಡ ಏನು ಅಷ್ಟು ಬೇಗ ಬೆಳೀತದಾ?" ಎಂದು ಅಜ್ಜಿ ಯಾರಿಗೂ ಅಲ್ಲದಂತೆ ಕೇಳುತ್ತಿದ್ದಳು.

ಲಕ್ಕಯ್ಯ ಇನ್ನೂ ಮುಂದೆ. "ಸಾ, ಇವತ್ತು ಪರ್ದೆ ಅರ್ದೇ ಇಲ್ಲ. ಒಲಿಯೋರ್ನ ಯಾಕೆ ಬರೇಳ್ಸಿದ್ರಿ?"

"ಹರಿಯೋ ಹಾಗಿದೆ ಲಕ್ಕಯ್ಯ," ಎನ್ನುತ್ತಿದ್ದರು ಅವರು, ನನ್ನ ಕಡೆ ನೋಡದೆ. ನೋಡದೇ ಇರಲು ಅವರು ಪಡುತ್ತಿದ್ದ ಕಷ್ಟ ನನಗೆ ಕಾಣುತ್ತಿತ್ತು. ಅವರ ಕಿವಿ ಕೆಂಪಾಗುತ್ತಿತ್ತು.

ನನ್ನನ್ನು ಅವರು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ನನ್ನನ್ನು ಹಾಗೆ ಕರೆದವರು ಅದುವರೆಗೆ ಯಾರೂ ಇರಲಿಲ್ಲ. ಪ್ರತಿ ಸಲವೂ ನನ್ನ ಹಿಂದೆ ಬೇರೆ ಯಾರೋ ನಿಂತಿದ್ದಾರೆ ಅನ್ನಿಸುತ್ತಿತ್ತು.

"ಗಂಧದ ಗಿಡ ಒಂಟಿಯಾಗಿ ಬದುಕೋದಿಲ್ಲ, ಗೊತ್ತಾ?" ಎಂದರು ಒಂದು ದಿನ. "ಮಣ್ಣೊಳಗೆ ಪಕ್ಕದ ಗಿಡದ ಬೇರು ಹಿಡಿದುಕೊಂಡಿರುತ್ತೆ. ಅದರಿಂದಲೇ ಉಣ್ಣುತ್ತೆ."

"ಅಂದ್ರೆ ಕಳ್ಳ ಮರ ಅನ್ನು," ಎಂದಳು ಅಜ್ಜಿ.

"ಕಳ್ಳ ಅಲ್ಲ ಅಜ್ಜಿ, ನೆಂಟ."

"ನೆಂಟ್ರು ಇನ್ನೇನ್ ಮಾಡ್ತಾರೆ ಮತ್ತೆ."

ಇನ್ನೊಂದು ದಿನ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಹಿಡಿದು ತಲೆ ಕೆರೆದುಕೊಳ್ಳುತ್ತಾ ಕೂತಿದ್ದರು. "ಕಾಡು ಕಡಿಯಲೇಬಾರದು ಅಂತಲ್ಲ. ಎಷ್ಟು ಬೆಳೆಯುತ್ತೋ ಅಷ್ಟೇ ಕಡಿಯಬೇಕು. ನೂರು ವರ್ಷ ಆದಮೇಲೂ ಕಾಡು ಹೀಗೇ ಇರಬೇಕು. ಇಷ್ಟು ಹೇಳೋದಕ್ಕೆ ಇದರಲ್ಲಿ ಇಪ್ಪತ್ತು ಪುಟ. ಊರಿನವರಿಗೆ ನಾನು ಹೇಗೆ ತಿಳಿಸಲಿ?"

"ಹೆಪ್ಪಿಗೆ ಉಳಿಸ್ದಂಗೆ," ಎಂದೆ. ಬಾಯಿ ಬಿಟ್ಟ ಮೇಲೆಯೇ ನನಗೆ ಗೊತ್ತಾದದ್ದು, ನಾನು ಅವರೊಡನೆ ಮಾತಾಡಿದೆ ಅಂತ.

"ಏನಂದಿರಿ?"

ಸೂಜಿಯ ಕಣ್ಣನ್ನೇ ನೋಡುತ್ತಾ ಹೇಳಿದೆ. "ಮೊಸರೆಲ್ಲಾ ಬಡಿಸ್ಬಿಟ್ರೆ ನಾಳೆ ಹಾಲಿಗೆ ಏನು ಹಾಕೋದು? ಎಷ್ಟೇ ಜನ ಉಣ್ಣೋಕೆ ಬರ್ಲಿ, ಗಡಿಗೇಲಿ ಒಂದು ಚಮಚ ಉಳಿಸ್ತೀವಲ್ಲ."

ಅವರು ಪುಸ್ತಕ ಮುಚ್ಚಿದರು. ಪೆನ್ಸಿಲನ್ನು ಹಣೆಗೆ ಒತ್ತಿಕೊಂಡರು. ಆಮೇಲೆ ನೋಟುಬುಕ್ಕು ತೆಗೆದು ನನ್ನ ಮಾತನ್ನು ನಾನು ಹೇಳಿದ ಹಾಗೇ ಬರೆದುಕೊಂಡರು. ಆ ನೋಟುಬುಕ್ಕಿನಲ್ಲಿ ಐದು ಕಾಲಂ ಇತ್ತು. ದಿನ, ಗಿಡ, ಕಂಡದ್ದು, ಕಾರಣ, ಷರಾ. ಅವರು ಅದರಲ್ಲಿ ಸುಳ್ಳು ಬರೆಯುವುದಿಲ್ಲ, ಊಹೆ ಬರೆಯುವುದಿಲ್ಲ. ಗೊತ್ತಿಲ್ಲದ ಕಡೆ ಖಾಲಿ ಬಿಡುತ್ತಿದ್ದರು.

ಜಿಗಿಹುಳವನ್ನು ನಾನು ಮೊದಲು ಕಂಡದ್ದು ನನ್ನ ರವಿಕೆಯ ತೋಳಿನ ಮೇಲೆ. ಅಕ್ಕಿನುಚ್ಚಿನಷ್ಟು ಸಣ್ಣದು.

"ಅಲ್ಲಾಡಬೇಡಿ," ಎಂದು ಲೆನ್ಸು ಹಿಡಿದು ಬಾಗಿದರು. ಅವರ ಉಸಿರು ನನ್ನ ಮೊಣಕೈಗೆ ತಗುಲಿತು. ನಾನು ಉಸಿರೇ ಬಿಡಲಿಲ್ಲ. ಹುಳ ಒಂದು ಸಲ ಅತ್ತ ಇತ್ತ ನೋಡಿ ಚಂಗನೆ ನೆಗೆದು ಹೋಯಿತು. ಲೆನ್ಸು ಮಾತ್ರ ಅಲ್ಲೇ ಇತ್ತು.

"ಹುಳ ಹೋಯ್ತು," ಎಂದೆ.

"ಗೊತ್ತು," ಎಂದರು.

*

ಯಾರೂ ಮುಟ್ಟದಿರಲಿ ಎಂದು ಅವರು ಬೋರ್ಡು ಬರೆಸಿ ನೆಟ್ಟರು. "ಮುಟ್ಟಬಾರದು." ಅಲ್ಲಿಂದಲೇ ಎಲ್ಲ ಶುರುವಾಯಿತು.

ನಮ್ಮ ಕಡೆ ಧಾರೆಗೆ ಮದುವಣಗಿತ್ತಿ ಉಡುವುದು ಬಿಳಿ ಸೀರೆ. ಗುಡ್ಡದ ಮೇಲೆ ಸಾಲಾಗಿ ಆರು ಬಿಳಿ ಸೀರೆಗಳು ಗಾಳಿಗೆ ತೂಗುತ್ತಿದ್ದವು. ಮುಟ್ಟಬಾರದು ಅಂತ ಸರ್ಕಾರವೇ ಬರೆದು ನೆಟ್ಟಿದೆ. ಇನ್ನು ಅನುಮಾನವೇನು? ಲಕ್ಕಯ್ಯನ ಹೆಂಡತಿ ಮುದ್ದಮ್ಮನೇ ಮೊದಲು ಕೈಮುಗಿದಳಂತೆ. ಧಾರೆಯಮ್ಮದೀರು ಎಂದು ಹೆಸರಾಯಿತು. ಮದುವೆಯಾಗದ ಹೆಣ್ಣುಮಕ್ಕಳ ತಾಯಂದಿರು ಬಂದು ಪರದೆ ನಿಲ್ಲಿಸಿದ ಬಿದಿರು ಗಳಕ್ಕೆ ಕುಂಕುಮ ಹಚ್ಚಿ ಹೋಗುತ್ತಿದ್ದರು.

"ಹೊರಗಡೆ ತಾನೆ, ಹಚ್ಚಲಿ ಬಿಡಿ," ಎಂದು ಷಡಕ್ಷರಿಯವರು ನಕ್ಕರು. "ಮೇಕೆ ಕಾಟವಾದರೂ ತಪ್ಪುತ್ತೆ."

ಕಾರ್ತೀಕದಲ್ಲಿ ಅವರು ಎರಡು ವಾರ ಬೆಂಗಳೂರಿಗೆ ಹೋದರು. ಹೋಗುವಾಗ ಪರದೆಗಳನ್ನು ನನ್ನ ಕೈಗೆ ಒಪ್ಪಿಸಿದ್ದರು. ನನಗೆ ಜ್ವರ ಬಂದು ಒಂದು ವಾರ ಏಳಲಾಗಲಿಲ್ಲ. ಎದ್ದು ಹೋದದ್ದು ಮಂಗಳವಾರ.

ನಾಲ್ಕನೇ ಗಿಡದ ಪರದೆಯ ಹೊಲಿಗೆ ಒಂದು ಗೇಣುದ್ದ ಬಿಚ್ಚಿತ್ತು. ಹರಿದದ್ದಲ್ಲ. ಯಾರೋ ಕತ್ತರಿಯಿಂದ ನೀಟಾಗಿ ಬಿಡಿಸಿದ್ದರು. ಒಳಗೆ ಗಿಡದ ಬುಡದಲ್ಲಿ ಮಡಿಲಕ್ಕಿ, ಕೊಬ್ಬರಿ ಬಟ್ಟಲು, ನನ್ನ ಕೈಯಳತೆಯ ಒಂದು ಹಸಿರು ಗಾಜಿನ ಬಳೆ. ಅಕ್ಕಿ ಸುತ್ತಿದ್ದ ಬಟ್ಟೆಯ ತುಂಡು ನಮ್ಮ ಅಂಗಡಿಯದೇ.

ನಾನು ಬೇವಿನ ಮರದ ಕಡೆ ತಿರುಗಿದೆ. ಅಜ್ಜಿ ಎಲೆಯ ತೊಟ್ಟು ಮುರಿಯುತ್ತಿದ್ದಳು.

"ಯಾವಾಗ?"

"ಓದ ಸೋಮ್ವಾರ. ನೀನು ಮಲಗಿದ್ದೆ." ಅಜ್ಜಿ ತಲೆಯೆತ್ತಲಿಲ್ಲ. "ಎಲ್ರೂ ಒರಗೆ ಇಡ್ತಾರೆ. ಅಮ್ಮನ ಮಡ್ಲು ತುಂಬೋದು ಸೆರಗಿನೊಳಗೆ ತಾನೆ? ಅದ್ಕೇ ಒಳಗಿಟ್ಟೆ."

"ಏನು ಬೇಡ್ಕೊಂಡೆ ಅಜ್ಜಿ?"

"ನೀನಂತೂ ಬಾಯಿ ಬುಡಾಕಿಲ್ಲ. ಇನ್ಯಾರು ಕೇಳ್ಬೇಕು?" ತೊಟ್ಟನ್ನು ಎಸೆದಳು. "ಆ ಉಡುಗನ್ನೇ ಕೊಡಮ್ಮ ಅಂದೆ. ಇನ್ನೇನು, ಮಾರಾಜ್ರನ್ನ ಕೇಳ್ಲಾ?"

ಎಂಟು ದಿನ ಪರದೆ ಬಾಯಿ ತೆರೆದಿತ್ತು. ನಾನು ಅಕ್ಕಿ, ಕೊಬ್ಬರಿ ತೆಗೆದೆ. ಹೊಲಿಗೆ ಹಾಕಿದೆ. ಅವರು ಬಂದಾಗ ಹೇಳಬೇಕು ಅಂದುಕೊಂಡೆ. ಬಂದರು. ಹೇಗಿವೆ ನಮ್ಮ ಗಿಡಗಳು ಎಂದು ಕೇಳಿದರು. ನಮ್ಮ ಅಂದರು. ಹೇಳಿದರೆ ಯಾಕೆ ಅಂತ ಕೇಳುತ್ತಾರೆ. ಯಾಕೆ ಅಂದರೆ ನಾನು ಏನು ಹೇಳಲಿ?

"ಚೆನ್ನಾಗಿವೆ," ಎಂದೆ.

*

ಪ್ರಮಾಥಿ ಸಂವತ್ಸರದ ಭಾದ್ರಪದ. ಎಲ್ಲೋ ಯುದ್ಧ ಶುರುವಾಗಿದೆ ಎಂದು ಅಂಗಡಿಯ ಜಗಲಿಯಲ್ಲಿ ಜನ ಪತ್ರಿಕೆ ಓದಿಸಿ ಕೇಳುತ್ತಿದ್ದರು. ಬಯಲಿನ ಆರು ಗಿಡಗಳಲ್ಲಿ ನಾಲ್ಕಕ್ಕೆ ಅಷ್ಟರಲ್ಲಿ ರೋಗ ಬಂದಿತ್ತು. ಪರದೆಯವು ಆರೂ ಅಲ್ಲಿಯವರೆಗೆ ಹಸಿರಾಗಿದ್ದವು.

ಆ ಶುಕ್ರವಾರ ಪರದೆಯೊಂದನ್ನು ಬದಲಿಸಲು ನಾವು ಗುಡ್ಡಕ್ಕೆ ಹೋದಾಗ ಅವರು ನಾಲ್ಕನೇ ಗಿಡದ ಮುಂದೆ ಮಣ್ಣಿನಲ್ಲೇ ಕೂತಿದ್ದರು. ಟೋಪಿ ಪಕ್ಕದಲ್ಲಿ ಬಿದ್ದಿತ್ತು. ಪರದೆಯೊಳಗೆ ತುದಿ ಎಲೆಗಳು ಸಣ್ಣಗಾಗಿ, ಹಳದಿಯಾಗಿ, ಮುಳ್ಳಿನ ಹಾಗೆ ನಿಂತಿದ್ದವು.

"ಮುಗೀತು ಲಕ್ಕಯ್ಯ," ಎಂದರು.

"ಒಂದೇ ಗಿಡ ಅಲ್ವಾ ಸಾ. ಇನ್ನ ಐದು ಅವೆ."

"ಒಂದೇ ಸಾಕು. ಹುಳ ಹೋಗಲಾರದ ಕಡೆ ರೋಗ ಹೋಗಿದೆ. ಅಂದರೆ ಹುಳ ಕಾರಣ ಅಲ್ಲ. ಸೋಮವಾರ ಬೆಂಗಳೂರಿಗೆ ಹೋಗಿ ಪ್ರೊಫೆಸರಿಗೆ ಹಾಗೇ ಬರೆದುಕೊಡ್ತೀನಿ."

"ಆಮ್ಯಾಕೆ?"

"ಆಮೇಲೇನು. ಅಪ್ಪ ಎರಡು ವರ್ಷದಿಂದ ಕಾಯ್ತಿದಾರೆ. ಚನ್ನರಾಯಪಟ್ಟಣದಲ್ಲಿ ನಮ್ಮ ಕೊಬ್ಬರಿ ಮಂಡಿ ಇದೆಯಲ್ಲ. ಈ ಕಡೆ ಬರೋ ಕೆಲಸ ಇನ್ನಿರೋದಿಲ್ಲ." ಕೊನೆಯ ಮಾತನ್ನು ಅವರು ಲಕ್ಕಯ್ಯನಿಗೆ ಹೇಳಲಿಲ್ಲ. ಮೊದಲ ಸಲ ನೇರ ನನ್ನ ಮುಖ ನೋಡಿ ಹೇಳಿದರು. ನಾನು ಏನಾದರೂ ಹೇಳುತ್ತೇನೇನೋ ಎಂದು ಸ್ವಲ್ಪ ಹೊತ್ತು ಕಾದರು.

ನಾನು ಪರದೆ ಬದಲಿಸಿ, ತಲೆ ತಗ್ಗಿಸಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ಯಂತ್ರದ ಮುಂದೆ ಕೂತೆ. ಹೊಲಿಗೆ ಸೊಟ್ಟ ಹೋಯಿತು, ಬಿಚ್ಚಿದೆ, ಮತ್ತೆ ಸೊಟ್ಟ ಹೋಯಿತು. ಹೇಳಿದರೆ ಅಜ್ಜಿಯ ಮಾನ, ನನ್ನ ಮಾನ ಎರಡೂ ಹೋಗುತ್ತದೆ. ಹೇಳದಿದ್ದರೆ ಸುಳ್ಳೆಂದರೆ ಆಗದ ಮನುಷ್ಯ ತನಗೆ ಗೊತ್ತಿಲ್ಲದೆ ಒಂದು ದೊಡ್ಡ ಸುಳ್ಳನ್ನು ಬರೆದುಕೊಡುತ್ತಾರೆ. ಒಂದೂಕಾಲು ವರ್ಷ ಬಿಸಿಲಲ್ಲಿ ಮೊಣಕಾಲೂರಿ ಗಳಿಸಿದ್ದನ್ನು ನಾನು ಬಾಯಿ ಮುಚ್ಚಿಕೊಂಡು ಕಳೆಯುತ್ತೇನೆ. ನನ್ನ ನಾಚಿಕೆಗೆ ಅಷ್ಟು ಬೆಲೆ ಇದೆಯೇ?

"ಅಜ್ಜಿ, ನಾಳೆ ಗುಡ್ಡಕ್ಕೆ ಬರ್ತೀಯಾ?"

"ಪರ್ದೆ ಬದ್ಲಾಯ್ಸಿ ಆಯ್ತಲ್ಲ?"

"ಹೊಲಿಯೋಕಲ್ಲ. ಬಿಚ್ಚೋಕೆ," ಎಂದೆ.

ಅಜ್ಜಿ ನನ್ನ ಮುಖವನ್ನೇ ನೋಡಿದಳು.

*

ಶನಿವಾರ ಬೆಳಿಗ್ಗೆ ಅವರು ಬೋರ್ಡು ಕೀಳಿಸುತ್ತಿದ್ದರು. ನನ್ನನ್ನು ಕಂಡು ಲಕ್ಕಯ್ಯ ಯಾಕೋ ಬೋರ್ಡನ್ನು ಹೆಗಲಿಗಿಟ್ಟು ದೂರ ನಡೆದ. ಅಜ್ಜಿ ಬೇವಿನ ಮರಕ್ಕೆ ಒರಗಿ ಕಣ್ಣು ಮುಚ್ಚಿದಳು.

"ನೋಟುಬುಕ್ಕು ಕೊಡಿ," ಎಂದೆ.

ಕೊಟ್ಟರು. ಪೆನ್ಸಿಲನ್ನೂ ಕೊಟ್ಟರು. ನಾನು ನೆಲದ ಮೇಲೆ ಕೂತು ಅವರ ಹಾಗೆಯೇ ಗೆರೆಗೆ ಸರಿಯಾಗಿ ಬರೆದೆ. ಅಕ್ಷರ ಐದನೇ ಕ್ಲಾಸಿನದೇ.

ದಿನ: ಬಹುಧಾನ್ಯ ಕಾರ್ತೀಕ, ಸೋಮವಾರದಿಂದ ಮುಂದಿನ ಮಂಗಳವಾರದವರೆಗೆ.

ಗಿಡ: ನಾಲ್ಕು.

ಕಂಡದ್ದು: ಪರದೆ ಒಂದು ಗೇಣು ಬಿಚ್ಚಿತ್ತು. ನಾನು ಹೊಲಿದೆ. ಹೇಳಲಿಲ್ಲ.

ಅವರು ನನ್ನ ಹೆಗಲ ಮೇಲಿಂದ ಓದುತ್ತಿದ್ದರು. ಅವರ ನೆರಳು ಪುಟದ ಮೇಲೆ ಬಿದ್ದಿತ್ತು, ಅಲ್ಲಾಡಲಿಲ್ಲ.

"ಎಂಟು ದಿನ?" ಎಂದರು.

"ಎಂಟು ದಿನ."

"ಹತ್ತು ತಿಂಗಳು ನನ್ನ ಎದುರಿಗೇ ಇದ್ದಿರಿ ಕಮಲಾಕ್ಷಿ." ಧ್ವನಿಯಲ್ಲಿ ಕೋಪ ಇರಲಿಲ್ಲ. ಕೋಪವಿದ್ದರೆ ತಡೆಯಬಹುದಿತ್ತು. "ನಿನ್ನೆ ರಾತ್ರಿ ಪೂರ್ತಿ ನಾನು ಎಲ್ಲಿ ತಪ್ಪಿದೆ ಅಂತ ಹುಡುಕಿದೆ."

"ತಪ್ಪು ನಂದು."

ಅವರು ಗಿಡಗಳ ಕಡೆ ನಡೆದರು. ಒಂದನೇ ಗಿಡ, ಎರಡನೇ ಗಿಡ, ಮೂರು. ಐದು, ಆರು. ಒಂದೊಂದರ ಪರದೆಯನ್ನೂ ಬೆರಳಿನಿಂದ ಸವರಿ ಹೊಲಿಗೆ ನೋಡಿದರು. ಹಿಂತಿರುಗಿ ಬರುವಾಗ ನಡಿಗೆ ಬೇರೆಯಾಗಿತ್ತು. ಬಂದು ನನ್ನ ಎದುರಿಗೆ ಮೊಣಕಾಲೂರಿ ಕೂತರು.

"ಹಾಗಾದರೆ ನಾಲ್ಕನೇದು ಮುಚ್ಚಿದ ಗಿಡವೇ ಅಲ್ಲ," ಎಂದರು ನಿಧಾನವಾಗಿ. "ಬಯಲಿನ ಲೆಕ್ಕಕ್ಕೆ ಸೇರಬೇಕು. ಬಯಲಿಗೆ ಬಿದ್ದ ಏಳರಲ್ಲಿ ಐದು ಹೋದವು. ಮುಚ್ಚಿದ ಐದರಲ್ಲಿ ಒಂದೂ ಹೋಗಿಲ್ಲ. ಎಂಟೇ ದಿನ ಬಾಗಿಲು ತೆರೆದರೆ ಸಾಕಾಯ್ತು. ಇದನ್ನ ನಾನೇ ಮಾಡಿ ನೋಡಬೇಕು ಅಂತ ಹೊಳೆದಿರಲಿಲ್ಲ."

"ಪ್ರೊಫೆಸರು ಒಪ್ತಾರಾ?"

"ಗೊತ್ತಿಲ್ಲ. ಇನ್ನೊಂದು ವರ್ಷ ಕೇಳಬಹುದು. ಆದರೆ ನೀವು ಪೂರ್ತಿ ಬರೆದಿಲ್ಲ." ಬೆರಳಿಟ್ಟು ತೋರಿಸಿದರು. "ಕಾರಣ ಖಾಲಿ ಇದೆ. ಯಾಕೆ ಬಿಚ್ಚಿದರು ಅಂತ ಅವರು ಕೇಳೇ ಕೇಳ್ತಾರೆ."

ಆ ಖಾಲಿ ಜಾಗ ಎರಡು ಬೆರಳು ಅಗಲ ಇತ್ತು. ನನ್ನ ಹದಿನೆಂಟು ಹತ್ತೊಂಬತ್ತು ವರ್ಷವೂ ಅದರೊಳಗೆ ನಿಂತು ನನ್ನನ್ನು ನೋಡಿದ ಹಾಗಾಯಿತು. ಸಣ್ಣ ಅಕ್ಷರದಲ್ಲಿ ಬರೆದೆ.

"ನನ್ನ ಮದುವೆ ಷಡಕ್ಷರಿಯವರ ಜೊತೆ ಆಗಲೆಂದು ಅಜ್ಜಿ ಮಡಿಲಕ್ಕಿ ಇಟ್ಟದ್ದು."

ಪೆನ್ಸಿಲ್ ಕೆಳಗಿಟ್ಟೆ. ತಲೆಯೆತ್ತಲಿಲ್ಲ. ಕಾವೇರಿಯ ಕಡೆಯಿಂದ ಗಾಳಿ ಬಂದು ಆರೂ ಪರದೆ ಒಟ್ಟಿಗೆ ಉಬ್ಬಿ ಇಳಿದವು. ಅವರು ಕೆಮ್ಮಿದರು.

"ಇದು ಅಜ್ಜಿಯ ಕಾರಣ," ಎಂದರು. "ನಿಮ್ಮದು?"

ನನಗೆ ಬರೆಯಲು ಜಾಗ ಉಳಿದಿರಲಿಲ್ಲ. ಬಾಯಿಂದಲೇ ಹೇಳಬೇಕಾಯಿತು.

"ಅಕ್ಕಿ ತೆಗೆದೆ. ಕೊಬ್ಬರೀನೂ ತೆಗೆದೆ," ಎಂದೆ. "ಬಳೆ ತೆಗೀಲಿಲ್ಲ."

"ಯಾವ ಬಳೆ?"

"ಅಜ್ಜಿ ಇಟ್ಟ ಬಳೆ. ಬುಡದಲ್ಲಿ ಮಣ್ಣು ಮುಚ್ಚಿ ಬಂದೆ. ಅದು ಅಲ್ಲೇ ಇರ್ಲಿ ಅನ್ನಿಸ್ತು."

ಅವರು ನಾಲ್ಕನೇ ಗಿಡದ ಹತ್ತಿರ ಹೋಗಿ ಪರದೆಯ ತೋಳಿನೊಳಗೆ ಕೈ ಹಾಕಿದರು. ನಾನು ಲಾಡಿ ಹಾಕಿದ್ದ ತೋಳು. ಬುಡದ ಮಣ್ಣನ್ನು ಮೆಲ್ಲಗೆ ಕೆದಕಿದರು. ಒಂದು ಮಳೆಗಾಲ ಕಳೆದಿದ್ದರೂ ಹಸಿರು ಬಳೆ ಒಡೆದಿರಲಿಲ್ಲ. ಕರವಸ್ತ್ರದಲ್ಲಿ ಒರೆಸಿ ತಂದರು. ನನ್ನ ಕೈಗೆ ಕೊಡಲಿಲ್ಲ. ನೋಟುಬುಕ್ಕಿನ ಕೊನೆಯ ಕಾಲಂ ಇನ್ನೂ ಖಾಲಿ ಇತ್ತು. ಬಳೆಯನ್ನು ಅದರ ಮೇಲೆ ಇಟ್ಟು, ಒಳಗಡೆಯಿಂದ ಪೆನ್ಸಿಲನ್ನು ಸುತ್ತ ಆಡಿಸಿ ಒಂದು ವೃತ್ತ ಎಳೆದರು. ವೃತ್ತ ಷರಾ ಕಾಲಮಿನಲ್ಲಿ ಹಿಡಿಸದೆ ಪಕ್ಕದಲ್ಲಿ ನಾನು ಬರೆದ ಕಾರಣದ ಮೇಲೂ ಹರಡಿತು.

ಬೇವಿನ ಮರದ ಕೆಳಗಿನಿಂದ ಅಜ್ಜಿಯ ದನಿ ಬಂತು. "ಅದೇನ್ ಬರೀತಾ ಇದ್ದೀರಿ ಇಷ್ಟೊತ್ತು?"

"ಅಳತೆ ಅಜ್ಜಿ," ಎಂದರು ಅವರು. ಕಿವಿ ಕೆಂಪಾಗಿತ್ತು. "ಚನ್ನರಾಯಪಟ್ಟಣಕ್ಕೆ ಹೋಗಿ ಅಪ್ಪನ ಹತ್ತಿರ ಮಾತಾಡ್ತೀನಿ. ಹಾಗೇ ಬಳೆ ತರೋಣ ಅಂತ. ಬಳೆಗಾರ ಅಳತೆ ಕೇಳ್ತಾನಲ್ಲ."

ಅಜ್ಜಿ ಕಣ್ಣು ತೆರೆಯಲಿಲ್ಲ.

"ಅಸ್ರು ಬಳೇನೇ ಇರ್ಲಿ ಮಗ," ಎಂದಳು.